ಅಕ್ಕನ ಕರಿ ಫೋನು ವಾಪಸ್ಸು ಕೊಡಿ

ದೂರವಾಣಿ ಕಚೇರಿಯ ಮೂರನೇ ಮಹಡಿಯಲ್ಲಿ, ಒಂದರ ಹಿಂದೊಂದು ಎರಡು ಬಾಗಿಲುಗಳ ಆಚೆ ವಿರಾಜಮಾನರಾಗಿರುವ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಗೋದಾಮಿನಲ್ಲಿ ನನ್ನ ಅಕ್ಕನ ಫೋನು ಇದೆ. ಕರಿ ಬಣ್ಣದ್ದು, ನಂಬರು ತಿರುಗಿಸುವ ಚಕ್ರ ಇರುವಂಥದ್ದು, ಎತ್ತಿದರೆ ಇಟ್ಟಿಗೆಯಷ್ಟು ಭಾರ. ರಿಸೀವರಿನ ನಡುವಿಗೆ ಕೆಂಪು ನೂಲು ಸುತ್ತಿದೆ. ಬಾಗಿಲಿನಿಂದ ಎಡಕ್ಕೆ ಮೂರನೇ ಕಪಾಟು, ಕೆಳಗಿನ ಅರೆ, ಚೀಟಿ ಸಂಖ್ಯೆ ನಾಲ್ಕುನೂರ ಹನ್ನೆರಡು. ಈ ತಿಂಗಳ ಕೊನೆಯ ದಿನ ಅದನ್ನು ಮಿಕ್ಕ ಹಳೆಯ ಫೋನುಗಳ ಜೊತೆ ಲಾರಿಗೆ ತುಂಬಿ ಒಡೆಯಲು ಕಳಿಸುತ್ತೀರಂತೆ. ಕಳಿಸಬೇಡಿ. ವಾಪಸ್ಸು ಕೊಡಿ.

ನೀವು ಅದನ್ನು ಕದ್ದಿರಿ ಎಂದು ನಾನು ಹೇಳುತ್ತಿಲ್ಲ. ಕದ್ದಿದ್ದರೆ ಎಷ್ಟೋ ವಾಸಿಯಿತ್ತು, ಪೊಲೀಸರಿಗೆ ಹೇಳಬಹುದಿತ್ತು. ಅದನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಕಂಕುಳಲ್ಲಿ ಇರಿಸಿಕೊಂಡು, ಬಿಸಿಲಲ್ಲಿ ನಡೆದು ಬಂದು ನಿಮ್ಮ ಕೌಂಟರಿನ ಮೇಲೆ ಇಟ್ಟವನು ನಾನೇ. ಮೂರು ಕಡೆ ಸಹಿ ಹಾಕಿದವನೂ ನಾನೇ. ಹೋಗುವಾಗ ನಿಮ್ಮ ಗುಮಾಸ್ತರಿಗೆ ಧನ್ಯವಾದ ಹೇಳಿದೆ, ಅವರ ಪೆನ್ನನ್ನು ಕೂಡ ಮರೆಯದೆ ಹಿಂದಿರುಗಿಸಿದೆ. ಆದ್ದರಿಂದ ಈ ಪತ್ರದಲ್ಲಿ ದೂರುದಾರನೂ ಮೊದಲನೇ ಆರೋಪಿಯೂ ಒಬ್ಬನೇ. ಎರಡನೇ ಆರೋಪಿಯ ಸ್ಥಾನವನ್ನು ತಮಗಾಗಿ ಗೌರವಪೂರ್ವಕವಾಗಿ ಕಾಯ್ದಿರಿಸಿದ್ದೇನೆ.

ನನ್ನ ಅಕ್ಕ ಮೂವತ್ತೊಂದು ವರ್ಷ ಬಟ್ಟೆ ಗಿರಣಿಯಲ್ಲಿ ಮಗ್ಗ ನೋಡಿಕೊಂಡವಳು. ಒಂದು ಬೀದಿಯಷ್ಟು ಉದ್ದದ ಕೋಣೆ, ಅದರಲ್ಲಿ ಇನ್ನೂರು ಮಗ್ಗ, ಇನ್ನೂರೂ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಗಿರಣಿ ಅವಳಿಗೆ ಸಂಬಳ ಕೊಟ್ಟಿತು, ಪ್ರತಿಯಾಗಿ ಕಿವಿ ಇಟ್ಟುಕೊಂಡಿತು. ಗಿರಣಿ ಮುಚ್ಚಿದ ಮೇಲೆ ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ಹಾಕಿಕೊಂಡಳು. ಮಾತು ಸೊಗಸಾಗಿಯೇ ಆಡುತ್ತಾಳೆ, ಆದರೆ ತನ್ನ ದನಿ ತನಗೆ ಕೇಳದ್ದರಿಂದ ಅಳತೆ ತಪ್ಪುತ್ತದೆ. ಗಿರಾಕಿಯ ಸೊಂಟದ ಸುತ್ತಳತೆ ನಾಲ್ಕು ಮನೆಯಾಚೆಗೂ ತಿಳಿಯುತ್ತದೆ. ಹಾಗಾಗಿ ಈಚೆಗೆ ಮಾತು ಕಡಿಮೆ ಮಾಡಿದ್ದಾಳೆ, ಅಳತೆಯನ್ನು ಬರೆದು ತೋರಿಸುತ್ತಾಳೆ.

ಬಟ್ಟೆ ಕತ್ತರಿಸುವ ಅವಳ ಮರದ ಮೇಜಿನ ಮೂಲೆಯಲ್ಲಿ ಆ ಕರಿ ಫೋನು ಕೂತಿರುತ್ತಿತ್ತು. ನಾನು ಅದನ್ನು ಕಂಡಾಗಲೆಲ್ಲ, ಕಿವಿ ಕೇಳದವಳಿಗೆ ಫೋನು ಯಾಕೆ, ಬೋಳುತಲೆಗೆ ಬಾಚಣಿಗೆ ಯಾಕೆ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. (ನನ್ನ ತಲೆಯ ವಿಚಾರ ಇಲ್ಲಿ ಅಪ್ರಸ್ತುತ.) ಕೆಲವು ಸಲ ಸಂಜೆ ನಾಲ್ಕರ ಸುಮಾರಿಗೆ ಹೋದಾಗ ಒಂದು ದೃಶ್ಯ ಕಾಣುತ್ತಿತ್ತು. ಅಕ್ಕ ಕಣ್ಣು ಮುಚ್ಚಿ ಕೂತಿದ್ದಾಳೆ. ರಿಸೀವರು ಕಿವಿಯ ಮೇಲಿಲ್ಲ, ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡಿದೆ. ಕಾಲು ಗಂಟೆ ಒಂದು ಮಾತಿಲ್ಲ. ನಡುನಡುವೆ, ಹೊಲಿಯುವಾಗ ಬೆರಳಿಗೆ ಹಾಕುವ ಆ ತಗಡಿನ ಟೋಪಿಯಿಂದ ರಿಸೀವರನ್ನು ಟಕ್ ಟಕ್ ಅನ್ನಿಸುತ್ತಾಳೆ. ಆಮೇಲೆ ತನ್ನಷ್ಟಕ್ಕೆ ನಗುತ್ತಾಳೆ. ಪಾಪ, ಅಂದುಕೊಂಡೆ. ಕೇಳಿಸದ ಫೋನನ್ನು ಹಿಡಿದು ಕೇಳಿಸುವವಳಂತೆ ನಟಿಸುತ್ತಿದ್ದಾಳೆ, ಕೆಟ್ಟಿದೆಯೇನೋ ಎಂದು ತಟ್ಟಿ ನೋಡುತ್ತಿದ್ದಾಳೆ, ಒಡಹುಟ್ಟಿದವನಾಗಿ ನಾನು ಇದನ್ನು ನೋಡಿಕೊಂಡು ಸುಮ್ಮನಿರುವುದೇ? ನನ್ನ ಕರುಳು ಚುರುಕ್ಕೆಂದಿತು. ಕರುಳು ಚುರುಕ್ಕೆಂದಾಗ ಮನುಷ್ಯ ಮಾಡುವ ಅನಾಹುತಕ್ಕೆ ಲೆಕ್ಕವಿಲ್ಲ, ಮಾನ್ಯರೇ.

ಅದೇ ವಾರ ನಿಮ್ಮ ಕಚೇರಿಯ ಪ್ರಕಟಣೆ ಕಣ್ಣಿಗೆ ಬಿತ್ತು: ಹಳೆಯ ಫೋನು ಒಪ್ಪಿಸಿ, ಶ್ರವಣಮಿತ್ರ ಎಂಬ ಹೊಸ ಫೋನು ಪಡೆಯಿರಿ, ಕಿವಿ ಮಂದವಾದವರಿಗಾಗಿಯೇ ವಿಶೇಷವಾಗಿ ರೂಪಿಸಿದ್ದು. ಮರುದಿನವೇ, ಅಕ್ಕ ಅಡುಗೆಮನೆಯಲ್ಲಿದ್ದ ಹೊತ್ತು ನೋಡಿ ಫೋನು ಬಿಚ್ಚಿಕೊಂಡು ನಿಮ್ಮ ಕೌಂಟರಿಗೆ ಬಂದೆ. ಗುಮಾಸ್ತರು ನಾಲ್ಕು ಬಗೆ ತೋರಿಸಿದರು. ಒಂದರಲ್ಲಿ ಅಂಕಿಗಳು ಬಿಸ್ಕತ್ತಿನಷ್ಟು ದೊಡ್ಡವು. ಒಂದರಲ್ಲಿ ಕರೆ ಬಂದರೆ ಕೆಂಪು ದೀಪ ಮಿನುಗುತ್ತದೆ. ಮೂರನೆಯದು ನಾಯಿ ಬೆಚ್ಚುವಷ್ಟು ಜೋರಾಗಿ ಕೂಗುತ್ತದೆ. ನಾಲ್ಕನೆಯದರಲ್ಲಿ ಈ ಮೂರೂ ಇದ್ದು, ಮೇಲೆ ಇನ್ನೊಂದು ಇತ್ತು. ಅದರ ಹೆಸರನ್ನು ಗುಮಾಸ್ತರು ದೇವರ ಹೆಸರು ಹೇಳುವಂತೆ ತಗ್ಗಿದ ದನಿಯಲ್ಲಿ ಹೇಳಿದರು: ಅನಗತ್ಯ ಸದ್ದು ನಿವಾರಣೆ. ಮನುಷ್ಯರ ದನಿಯನ್ನು ಮಾತ್ರ ಬಿಡುತ್ತದೆ. ಕಟಕಟ, ಟಕಟಕ, ಗರಗರ, ಇಂಥದ್ದು ಯಾವುದಾದರೂ ಬಂದರೆ ಸೋಸಿ ಆಚೆ ಹಾಕುತ್ತದೆ. ಹೋಗುವ ಸದ್ದಿಗೂ ಸರಿ, ಬರುವ ಸದ್ದಿಗೂ ಸರಿ.

ಅದನ್ನು ಪರೀಕ್ಷಿಸಿದ್ದು ಯಾರ ಕಿವಿಯ ಮೇಲೆ? ನನ್ನ ಕಿವಿಯ ಮೇಲೆ. ಎಪ್ಪತ್ತರ ಅಂಚಿನಲ್ಲೂ ಪಕ್ಕದ ಮನೆಯ ಜಗಳ ಪದಪದವಾಗಿ ಕೇಳಿಸುವ ನನ್ನ ಕಿವಿಯ ಮೇಲೆ. ಗುಮಾಸ್ತರು ಒಳಕೋಣೆಯಿಂದ "ಹಲೋ, ಕೇಳಿಸ್ತಾ ಇದೆಯಾ?" ಅಂದರು. ಎರಡು ದಿನ ತಲೆಯೊಳಗೆ ಗುಂಯ್ ಅನ್ನುವ ಹಾಗೆ ಕೇಳಿಸಿತು. ಆಹಾ, ಅಕ್ಕನಿಗೆ ಹೇಳಿ ಮಾಡಿಸಿದ ಹಾಗಿದೆ ಎಂದೆ. ಕುರುಡರಿಗೆ ಕನ್ನಡಕ ಕೊಳ್ಳುವವನು ತಾನೇ ಹಾಕಿಕೊಂಡು, ಅಬ್ಬಾ ಎಷ್ಟು ಚೆನ್ನಾಗಿ ಕಾಣುತ್ತದೆ ಅಂದ ಹಾಗಾಯಿತು.

ಆಮೇಲೆ ನಮೂನೆ ಬಂತು. ನಾನು ಉಗ್ರಾಣದ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ನಮೂನೆ ತುಂಬಿಸಿದವನು. ಒಂದು ಚೌಕ ಖಾಲಿ ಬಿಟ್ಟರೆ ಕಾಗದ ವಾಪಸ್ಸು ಬರುತ್ತದೆ ಎಂಬುದು ನನ್ನ ಏಕೈಕ ಧರ್ಮ. ನಿಮ್ಮ ಏಳನೇ ಕಲಮು ಹೀಗಿತ್ತು: "ಉಪಕರಣವನ್ನು ಬಳಸುವವರೇ ಖುದ್ದಾಗಿ ಪರೀಕ್ಷಿಸಿ ಒಪ್ಪಿದ್ದಾರೆಯೇ? ಹೌದು / ಇಲ್ಲ." ನಾನು ಹೌದು ಎಂಬಲ್ಲಿ ಗುರುತು ಹಾಕಿದೆ. ಸುಳ್ಳು ಹೇಳಬೇಕೆಂದಲ್ಲ. ಚೌಕ ಖಾಲಿಯಿತ್ತು, ಅಷ್ಟೇ. ಅಕ್ಕ ಆ ಹೊತ್ತಿನಲ್ಲಿ ಮೂರು ಬೀದಿಯಾಚೆ ಯಾರದೋ ಅಂಗಿಗೆ ಕಾಲರು ಕೂರಿಸುತ್ತಿದ್ದಳು. ಗುಮಾಸ್ತರು, ಅವರನ್ನು ಕರೆತಂದಿಲ್ಲವೇ ಎಂದು ಕೇಳಬಹುದಿತ್ತು. ಕೇಳಲಿಲ್ಲ. ನಾನು ಒಂದು ಸಲ ಆಕೆಗೆ ಚೀಟಿ ಬರೆದು ತೋರಿಸಬಹುದಿತ್ತು. ತೋರಿಸಲಿಲ್ಲ. ನಿಮ್ಮ ಕಡೆಯ ತಪ್ಪು ಕಾಲು ಪಾಲು, ನನ್ನದು ಮುಕ್ಕಾಲು. ಆ ಕಾಲು ಪಾಲನ್ನೂ ನಾನೇ ಹೊತ್ತುಕೊಳ್ಳುತ್ತಿದ್ದೆ, ನೀವು ಆಮೇಲೆ ನಡೆದುಕೊಂಡ ರೀತಿ ಹಾಗಿರದಿದ್ದರೆ.

ಹೊಸ ಫೋನು ಮೇಜಿನ ಮೇಲೆ ಬಂತು. ಬಿಳಿ ಬಣ್ಣದ್ದು, ಹಗುರ, ಕಿವಿಗೆ ತಾಗುವಲ್ಲಿ ಮೆತ್ತನೆಯ ರಬ್ಬರು. ಅಕ್ಕ ಹಳೆಯದು ಎಲ್ಲಿ ಎಂದು ಕಣ್ಣಲ್ಲೇ ಕೇಳಿದಳು. ಕೊಟ್ಟುಬಿಟ್ಟೆ ಎಂದು ಕೈಯಾಡಿಸಿ ತೋರಿಸಿದೆ, ಯುದ್ಧ ಗೆದ್ದವನ ಹಾಗೆ. ಒಂದು ಗಳಿಗೆ ಮೇಜಿನ ಖಾಲಿ ಮೂಲೆಯನ್ನು ನೋಡಿದಳು. "ಚೆನ್ನಾಗಿದೆ ಕಣೋ," ಅಂದಳು, ಬೀದಿಗೆಲ್ಲ ಕೇಳುವ ಹಾಗೆ. ಮುಂದಿನ ವಾರ ಹೋದಾಗ ಅದಕ್ಕೆ ಹೂವಿನ ಬಟ್ಟೆಯ ಒಂದು ಮುಸುಕು ಹೊಲಿದು ಹಾಕಿದ್ದಳು. ಎಷ್ಟು ಮೆಚ್ಚಿಕೊಂಡಿದ್ದಾಳೆ ಎಂದು ಹಿಗ್ಗಿದೆ. ಉಪಯೋಗಕ್ಕೆ ಬಾರದ ವಸ್ತುವಿಗೇ ಜನ ಮುಸುಕು ಹಾಕುವುದು ಎಂಬುದು ಆಗ ಹೊಳೆಯಲಿಲ್ಲ.

ನಲವತ್ತನೆಯ ದಿನ, ಸಂಜೆ ನಾಲ್ಕಕ್ಕೆ, ನನ್ನ ಪ್ಯಾಂಟಿನ ಹರಿದ ಜೇಬು ಹೊಲಿಸಿಕೊಳ್ಳಲು ಅಲ್ಲಿದ್ದೆ. ಫೋನು ಬೊಬ್ಬೆ ಹೊಡೆಯಿತು. ಎದುರು ಮನೆಯ ಕಿಟಕಿ ತೆರೆಯಿತು. ಅಕ್ಕನಿಗೆ ಮಾತ್ರ ಗೊತ್ತಾಗಲಿಲ್ಲ. ದೀಪ ಮಿನುಗಿತು, ಆದರೆ ಅವಳ ಕಣ್ಣು ಸೂಜಿಯ ಮೇಲಿತ್ತು. ಆಮೇಲೆ ಗೋಡೆ ಗಡಿಯಾರ ನೋಡಿ, ಕೈ ಒರೆಸಿಕೊಂಡು, ಮುಸುಕು ತೆಗೆದು ಎತ್ತಿಕೊಂಡಳು. ಕಿವಿಯ ಹಿಂದೆ ಒತ್ತಿದಳು. ಬೆರಳ ಟೋಪಿಯಿಂದ ತಟ್ಟಿದಳು. ಕಾದಳು. ಆಮೇಲೆ, ನಾನಿರುವುದನ್ನೂ ಮರೆತು, ಮಾತಾಡಿದಳು: "ಯಾಕೆ ಜೋಡಿ ಸುಮ್ಮನಿದ್ದೀಯ? ಕೈ ಬಿದ್ದುಹೋಯ್ತಾ? ಯಾರು ಎತ್ಕೊಂಡಿರೋದು? ಅವಳು ಇದ್ದಾಳಾ ಇಲ್ವಾ, ಅಷ್ಟಾದರೂ ಯಾರಾದರೂ ತಟ್ಟಿ ಹೇಳಿ."

ಆ ಕಡೆಯಿಂದ ಒಂದು ಮುದಿ ಹೆಂಗಸಿನ ದನಿ ಕಿರುಚುತ್ತಿತ್ತು. ಶ್ರವಣಮಿತ್ರದ ಪ್ರತಾಪವೇ ಪ್ರತಾಪ, ನಾನು ಕೂತಲ್ಲಿಗೇ ಚೆನ್ನಾಗಿ ಕೇಳಿಸಿತು: "ಇದ್ದೀನಿ ಕಣೆ, ಇದ್ದೀನಿ. ತಟ್ಟಿ ತಟ್ಟಿ ಬೆರಳು ಊದಿಕೊಂಡಿದೆ."

ಅಕ್ಕ ರಿಸೀವರನ್ನು ಮೆಲ್ಲಗೆ ಇಟ್ಟುಬಿಟ್ಟಳು. ಮತ್ತೆ ಮುಸುಕು ಹಾಕಿದಳು.

ಬಿಳಿ ಫೋನಿನ ಪರದೆಯಲ್ಲಿ ಮೂಡಿದ್ದ ನಂಬರಿಗೆ ನಾನು ವಾಪಸ್ಸು ಕರೆ ಮಾಡಿದೆ. ಜೋಡಿ ಎಂಬಾಕೆ ಗಿರಣಿಯಲ್ಲಿ ಅಕ್ಕನ ಪಕ್ಕದ ಮಗ್ಗದವಳು. ಅಕ್ಕಪಕ್ಕದ ಮಗ್ಗದವರನ್ನು ಅಲ್ಲಿ ಜೋಡಿ ಎಂದೇ ಕರೆಯುತ್ತಿದ್ದರಂತೆ. ಅವರು ಒಬ್ಬರನ್ನೊಬ್ಬರು ಇವತ್ತಿಗೂ ಹಾಗೇ ಕರೆಯುತ್ತಾರೆ. ಆಕೆ ಈಗ ಇರುವುದು ಬಸ್ಸಿನಲ್ಲಿ ಆರು ಗಂಟೆ ದೂರದ ಊರಿನಲ್ಲಿ, ಮಗನ ಮನೆಯಲ್ಲಿ. ಆಕೆಯ ಕಿವಿಗಳನ್ನು ಗಿರಣಿ ಅರ್ಧ ಉಳಿಸಿತ್ತು, ಕಣ್ಣುಗಳನ್ನು ವಯಸ್ಸು ಪೂರ್ತಿ ತೆಗೆದುಕೊಂಡಿದೆ. ಗಮನಿಸಿ: ಇವಳಿಗೆ ಕೇಳದು, ಅವಳಿಗೆ ಕಾಣದು. ಕಾಗದ ಬರೆದರೆ ಅವಳು ಓದಲಾರಳು, ಮಾತಾಡಿದರೆ ಇವಳಿಗೆ ತಿಳಿಯದು. ಹೀಗಿದ್ದೂ ಹನ್ನೊಂದು ವರ್ಷ ದಿನಾ ನಾಲ್ಕು ಗಂಟೆಗೆ, ಅಂದರೆ ಗಿರಣಿಯ ಪಾಳಿ ಬಿಡುತ್ತಿದ್ದ ಹೊತ್ತಿಗೆ, ಇಬ್ಬರೂ ಹರಟುತ್ತಿದ್ದರು. ಹೇಗೆ ಎಂಬುದನ್ನು ಜೋಡಿ ನನಗೆ ಹೇಳಿಕೊಟ್ಟಳು, ಒಂದನೇ ತರಗತಿಯ ಹುಡುಗನಿಗೆ ಹೇಳುವ ಹಾಗೆ.

ಇನ್ನೂರು ಮಗ್ಗದ ನಡುವೆ ಬಾಯಿಮಾತು ನಡೆಯುವುದಿಲ್ಲವಲ್ಲ. ಅದಕ್ಕೇ ಅವರು ಮಗ್ಗದ ಕಬ್ಬಿಣದ ಕಂಬಕ್ಕೆ ತಟ್ಟುತ್ತಿದ್ದರು. ಸದ್ದಲ್ಲ, ನಡುಕ ಕೈಗೆ ತಾಗುತ್ತಿತ್ತು. ಒಂದು ಸಲ ತಟ್ಟಿದರೆ, ನೂಲು ಕಡಿದಿದೆ, ಮಗ್ಗ ನಿಲ್ಲಿಸು. ಎರಡು ಸಲ ತಟ್ಟಿದರೆ, ಮೇಸ್ತ್ರಿ ಬರುತ್ತಿದ್ದಾನೆ. ಮೂರು ಸಲ ತಟ್ಟಿದರೆ, ನೀನು ಹೋಗಿ ಬಾ, ನಾನಿದ್ದೀನಿ. ಉಗುರಿನಿಂದ ಗೀರಿದರೆ, ನಗು. ಮೂವತ್ತು ವರ್ಷದಲ್ಲಿ ಇದರ ಮೇಲೆ ಏನೇನು ಬೆಳೆಯಿತೋ, ಅದನ್ನೆಲ್ಲ ಅವಳು ನನಗೆ ಹೇಳಲಿಲ್ಲ, ಹೇಳುವಂಥದ್ದೂ ಅಲ್ಲವಂತೆ. ನಿಮ್ಮ ಕರಿ ಫೋನು ಈ ಭಾಷೆಗೆ ಹೇಗೋ ಒಗ್ಗಿಕೊಂಡಿತ್ತು. ಗಂಟೆ ಬಾರಿಸಿದರೆ ಇಡೀ ಮೇಜು ನಡುಗಿ, ಗುಂಡಿ ಡಬ್ಬಿ ಕುಣಿದು, ಅಕ್ಕನ ಅಂಗೈಗೆ ಸುದ್ದಿ ಮುಟ್ಟುತ್ತಿತ್ತು. ಆ ಕಡೆ ಜೋಡಿ ಉಂಗುರದಿಂದ ತಟ್ಟಿದರೆ ಈ ಕಡೆ ಗಟ್ಟಿ ರಿಸೀವರಿನ ಮೂಲಕ ಕಿವಿಯ ಹಿಂದಿನ ಮೂಳೆಗೆ ತಾಗುತ್ತಿತ್ತು.

ಅದನ್ನು ಕಿತ್ತುಕೊಂಡು ನಾನು ತಂದುಕೊಟ್ಟದ್ದು ಎಂಥದ್ದು? ಜಗತ್ತಿನ ಎಲ್ಲ ಸದ್ದಿನಲ್ಲೂ ಆ ಟಕಟಕ ಒಂದನ್ನೇ ಹುಡುಕಿ ಹುಡುಕಿ ಸೋಸಿ ಬಿಸಾಡುವಂಥದ್ದು. ಅಕ್ಕನಿಗೆ ಬೇಡದ ಸದ್ದನ್ನೆಲ್ಲ ಮೂರು ಪಟ್ಟು ಜೋರು ಮಾಡಿ, ಬೇಕಾದ ಒಂದೇ ಒಂದು ಸದ್ದನ್ನು ಅನಗತ್ಯ ಎಂದು ತೀರ್ಮಾನಿಸುವಂಥದ್ದು. ಯಾರಿಗೆ ಅನಗತ್ಯ? ಇದನ್ನು ನಿರ್ಧರಿಸಲು ನಿಮ್ಮಲ್ಲಿ ಸಮಿತಿಯಿದೆಯೇ? ಇದ್ದರೆ ಅದರಲ್ಲಿ ಕಿವಿ ಕೇಳದ ಒಬ್ಬರಾದರೂ ಕೂತಿದ್ದಾರೆಯೇ? ಅಥವಾ ಅಲ್ಲಿಯೂ ನನ್ನಂಥ, ಕರುಳು ಚುರುಕ್ಕೆನ್ನುವ ಹಿತೈಷಿಗಳೇ ತುಂಬಿಕೊಂಡಿದ್ದಾರೆಯೇ?

ಜೋಡಿ ಬದುಕಿದ್ದಾಳೆ, ಕೈ ನೆಟ್ಟಗಿದೆ, ತಪ್ಪು ಫೋನಿನದು ಎಂದು ಅಳತೆ ಪುಸ್ತಕದಲ್ಲಿ ಬರೆದು ಅಕ್ಕನ ಮುಂದೆ ಹಿಡಿದೆ. ಎರಡು ಸಲ ಓದಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಇನ್ನೊಂದು ಸಲ ಓದಿದಳು. ನಲವತ್ತು ದಿನ ಅವಳು ಗೆಳತಿ ಸತ್ತಳೆಂದೇ ತಿಳಿದಿದ್ದಳು. ಮನೆಯವರು ಯಾರೋ ಫೋನು ಎತ್ತುತ್ತಾರೆ, ಹೇಳಲಾರದೆ ಇಡುತ್ತಾರೆ ಅಂದುಕೊಂಡಿದ್ದಳು. ಮತ್ತೆ ನನಗೇಕೆ ಹೇಳಲಿಲ್ಲ ಎಂದು ಬರೆದೆ. "ನಿನಗೆ ಹೇಳಿದ್ರೆ ನೀನು ಪಾಪ ಅಂತಿದ್ದೆ," ಅಂದಳು. ಆಮೇಲೆ ಅಳತೆ ಪುಸ್ತಕ ಮುಚ್ಚಿಟ್ಟು, "ಆ ಮುಖ ನೋಡೋಕೆ ನನಗಾಗಲ್ಲ ಕಣೋ."

ಮಾನ್ಯರೇ, ನಿಮ್ಮ ಫೋನಿನ ಸೋಸುವ ಯಂತ್ರ ಈಚಿನದು. ನನ್ನೊಳಗಿನದು ಹತ್ತು ವರ್ಷ ಹಳೆಯದು. ಮನೆಮಂದಿಯೆಲ್ಲ ಏನಕ್ಕೋ ನಗುವಾಗ ಅಕ್ಕ, "ಏನಂತೆ?" ಎಂದು ಕೇಳುತ್ತಾಳೆ. "ಏನಿಲ್ಲ ಬಿಡು," ಎಂದು ಕೈಯಾಡಿಸುತ್ತೇನೆ. ಮತ್ತೊಮ್ಮೆ ಹೇಳುವ ಶ್ರಮ ಯಾರಿಗೆ ಬೇಕು? ಹತ್ತು ವರ್ಷದಲ್ಲಿ ಹೀಗೆ ಎಷ್ಟು 'ಏನಿಲ್ಲ'ಗಳನ್ನು ಅವಳ ಮಡಿಲಿಗೆ ಹಾಕಿದ್ದೇನೋ. ಅವಳು ಈಗ ಕೇಳುವುದನ್ನೇ ಬಿಟ್ಟಿದ್ದಾಳೆ. ನಾವು ನಕ್ಕರೆ ತಾನೂ ನಗುತ್ತಾಳೆ. ಅವಳು ನಟಿಸುತ್ತಿದ್ದುದು ನಿಜ. ಆದರೆ ಫೋನಿನ ಮುಂದೆ ಅಲ್ಲ, ನಮ್ಮ ಮುಂದೆ.

ಇನ್ನು ತಮ್ಮ ಕಾಲು ಪಾಲಿಗೆ ಬರೋಣ. ಮರುದಿನವೇ ದೂರು ಕೊಡಲು ಹೊರಟೆ. ದೂರನ್ನು ಫೋನಿನಲ್ಲೇ ಕೊಡಬೇಕು, ಚಂದಾದಾರರೇ ಖುದ್ದಾಗಿ ಮಾತಾಡಬೇಕು ಎಂದರು. ಸರಿ, ಕರೆ ಮಾಡಿದೆ. ಯಂತ್ರದೊಳಗಿನ ಹೆಂಗಸು, ನಿಮಗೆ ಕಿವಿ ಕೇಳದಿದ್ದರೆ ಐದನ್ನು ಒತ್ತಿ ಅಂದಳು. ಕಿವಿ ಕೇಳದವರಿಗೆ ಆ ಮಾತನ್ನು ಹೇಳುವವರು ಯಾರು ಎಂಬ ಪ್ರಶ್ನೆಗೆ ಆರನ್ನು ಒತ್ತಬೇಕೇನೋ. ಐದು ಒತ್ತಿ ಅಕ್ಕನ ಕೈಗೆ ಕೊಟ್ಟೆ. ಅವಳು, "ನನ್ನ ಹಳೇ ಫೋನು ಕೊಡಿ," ಎಂದು ಬೀದಿ ನಡುಗುವ ಹಾಗೆ ಹೇಳಿದಳು. ಯಂತ್ರ ಅವಳನ್ನು ಏನೋ ಕೇಳಿತು. ಅವಳು ಸುಮ್ಮನಿದ್ದಳು. ಇನ್ನೊಮ್ಮೆ ಕೇಳಿತು. ಸುಮ್ಮನಿದ್ದಳು. ನಿಮ್ಮ ಮೌನವನ್ನು ಸಮ್ಮತಿಯೆಂದು ಭಾವಿಸಿ, ಹೊಸ ಉಪಕರಣದಿಂದ ತಾವು ತೃಪ್ತರಾಗಿದ್ದೀರೆಂದು ದಾಖಲಿಸಲಾಗಿದೆ ಎಂದು ಹೇಳಿ ಯಂತ್ರ ವಂದಿಸಿತು. ಆ ವಂದನೆ ಮಾತ್ರ ಬಹಳ ಇಂಪಾಗಿತ್ತು.

ಕಚೇರಿಗೇ ಬಂದೆ. ಸೋಸುವುದನ್ನು ನಿಲ್ಲಿಸಲು ಆಗುವುದಿಲ್ಲವೇ ಎಂದರೆ, ಅದು ದೋಷವಲ್ಲ, ಸೌಲಭ್ಯ. ದೋಷವಾದರೆ ಸರಿಪಡಿಸಬಹುದು, ಸೌಲಭ್ಯವನ್ನು ಏನು ಮಾಡಲಿಕ್ಕಾಗುತ್ತದೆ ಎಂದರು. ಹಳೆಯದನ್ನು ಕೊಡಿ ಎಂದರೆ, ಒಪ್ಪಿಸಿದ್ದನ್ನು ಹಿಂದಕ್ಕೆ ಕೊಡುವ ನಮೂನೆಯೇ ಇಲ್ಲ ಎಂದರು. ನಮೂನೆ ಇಲ್ಲ ಎಂಬ ಮಾತು ನನ್ನಂಥವನಿಗೆ ಎಷ್ಟು ತಾಗುತ್ತದೆ ಎಂಬುದು ಅವರಿಗೆ ಗೊತ್ತಿರಲಿಕ್ಕಿಲ್ಲ. ಮುಖ್ಯಾಧಿಕಾರಿಗಳನ್ನು ಕಾಣುತ್ತೇನೆ ಎಂದರೆ, ತಮ್ಮ ಮೊದಲನೇ ಬಾಗಿಲಿನವರು ಎರಡನೇ ಬಾಗಿಲಿನವರನ್ನು ಕೇಳಲು ಹೇಳಿದರು, ಎರಡನೆಯವರು ಮೊದಲನೆಯವರನ್ನು. ಬೇರೊಂದು ಹಳೆಯ ಫೋನಿಗಾಗಿ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದೆ. ನಿಮ್ಮ ಯೋಜನೆ ಎಷ್ಟು ಯಶಸ್ವಿಯಾಗಿದೆಯೆಂದರೆ ಊರಲ್ಲಿ ಒಂದೂ ಉಳಿದಿಲ್ಲ. ಸಿಕ್ಕ ಒಂದರ ಹೊಟ್ಟೆಯೊಳಗೆ ಗಂಟೆಯ ಬದಲು ಇಲಿ ಸಂಸಾರ ಹೂಡಿತ್ತು.

ನಿಮ್ಮ ಕಚೇರಿಯ ಮಾನ ಉಳಿಸಿದವರು ಇಬ್ಬರು. ಗೋದಾಮಿನ ಕಾವಲುಗಾರರು ತಂತಿಬಲೆಯ ಈಚೆಯಿಂದ ಅದನ್ನು ನೋಡಲು ಬಿಟ್ಟರು. ಕೆಂಪು ನೂಲು ಕಂಡಾಗ ಆಸ್ಪತ್ರೆಯ ಕಿಟಕಿಯಿಂದ ನೆಂಟರನ್ನು ನೋಡಿದ ಹಾಗಾಯಿತು. ಇನ್ನೊಬ್ಬರು ಲೈನ್‌ಮನ್ನು. ಅಕ್ಕನ ಗೋಡೆಯ ತಂತಿ ನೋಡಿ, "ಹಳೇದು ತಂದ್ಕೊಡಿ ಸಾರ್, ಹತ್ತು ನಿಮಿಷದ ಕೆಲಸ," ಅಂದರು. ಅವರ ಮೇಲೆ ಕ್ರಮ ಜರುಗಿಸಬೇಡಿ. ಬೇಕಿದ್ದರೆ ನನ್ನ ಮೇಲೆ ಜರುಗಿಸಿ.

ಸದ್ಯಕ್ಕೆ ನಾಲ್ಕು ಗಂಟೆಗೆ ನಾನೇ ನಡುವೆ ಕೂರುತ್ತೇನೆ. ಜೋಡಿ ಹೇಳಿದ್ದನ್ನು ಬರೆಯುತ್ತೇನೆ, ಅಕ್ಕ ಓದುತ್ತಾಳೆ. ಕಾಲು ಗಂಟೆಯ ಹರಟೆ ಎರಡು ನಿಮಿಷಕ್ಕೆ ಮುಗಿಯುತ್ತದೆ. ಚೆನ್ನಾಗಿದ್ದೀಯಾ, ಚೆನ್ನಾಗಿದ್ದೀನಿ, ಸರಿ. ನನ್ನ ಮುಂದೆ ಅವರಿಗೆ ಮಾತೇ ಇಲ್ಲ. ಯಾಕಿರಬಹುದು ಎಂದು ನಿನ್ನೆ ಜೋಡಿಯನ್ನು ಕೇಳಿದೆ. ಬಹಳ ಹೊತ್ತು ಕೊಸರಾಡಿ ಆಮೇಲೆ ಬಾಯಿ ಬಿಟ್ಟಳು. "ಬೇಜಾರು ಮಾಡ್ಕೋಬೇಡಪ್ಪ. ನೀನು ನಾಲ್ಕು ಗಂಟೆಗೆ ಅಲ್ಲಿಗೆ ಬಂದಾಗೆಲ್ಲ ಅವಳು ಎರಡು ಸಲ ತಟ್ಟೋಳು."

ಎರಡು ಸಲ. ಮೇಸ್ತ್ರಿ ಬರುತ್ತಿದ್ದಾನೆ.

ಈಗ ನನ್ನ ಬೇಡಿಕೆ. ಮುಂದಿನ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಕ್ಕನನ್ನು ಕರೆದುಕೊಂಡು ತಮ್ಮ ಎರಡು ಬಾಗಿಲುಗಳನ್ನು ದಾಟಿ ಬರುತ್ತೇನೆ. ನಾಲ್ಕುನೂರ ಹನ್ನೆರಡನ್ನು ತಮ್ಮ ಮೇಜಿನ ಮೇಲೆ ತರಿಸಿಟ್ಟಿರಿ. ಹಿಂದಕ್ಕೆ ಕೊಡುವ ನಮೂನೆಯನ್ನು ನಾನೇ ಗೆರೆ ಎಳೆದು ತಯಾರಿಸಿದ್ದೇನೆ, ಒಂದೇ ಚೌಕ ಇದೆ, ಅದನ್ನು ಅಕ್ಕ ತುಂಬುತ್ತಾಳೆ. ಇನ್ನು ಮುಂದೆ ಏಳನೇ ಕಲಮು ತುಂಬಲು, ಬಳಸುವವರು ಎದುರಿಗೆ ನಿಂತಿರದಿದ್ದರೆ, ಯಾವ ಅಣ್ಣ, ತಮ್ಮ, ಮಗ, ಅಳಿಯನ ಕೈಗೂ ಪೆನ್ನು ಕೊಡಬೇಡಿ. ನಮ್ಮ ಕಣ್ಣಲ್ಲಿ ನೀರು ಕಂಡರಂತೂ ಖಂಡಿತ ಕೊಡಬೇಡಿ.

ಅಕ್ಕ ತಮ್ಮ ಮುಂದೆ ಮಾತಾಡುವುದಿಲ್ಲ. ತಮ್ಮ ಮೇಜಿಗೆ ಬೆರಳ ಟೋಪಿಯಿಂದ ಒಂದೇ ಒಂದು ಸಲ ತಟ್ಟುತ್ತಾಳೆ. ಅದರ ಅರ್ಥವನ್ನು ಮೇಲೆ ಬರೆದಿದ್ದೇನೆ. ಗಿರಣಿಯಲ್ಲಿ ಅದು ಕೈಗೆ ತಾಗಿದ ಮೇಲೂ ಮಗ್ಗ ನಿಲ್ಲಿಸದವರು ಯಾರೂ ಇರಲಿಲ್ಲವಂತೆ.

ಇಂತಿ,
ಏಳನೇ ಕಲಮಿನಲ್ಲಿ ಹೌದು ಎಂದು ಬರೆದ,
ಎರಡು ಬಡಿತಕ್ಕೆ ಒಳಬರುವ ಮೇಸ್ತ್ರಿ,
ಅಕ್ಕನ ತಮ್ಮ